ಹೊಳೆಮತ್ತಿಯ ಸುತ್ತ ಒಂದು ಗಾಯ

ದೋಣಿ ನಿಲ್ಲುವ ದಡದ ಹೊಳೆಮತ್ತಿ ಮರದ ಸುತ್ತ, ಸೊಂಟದೆತ್ತರದಲ್ಲಿ, ಒಂದು ಗೇಣು ಅಗಲಕ್ಕೆ ತೊಗಟೆಯೇ ಇರಲಿಲ್ಲ.

ಅರಣ್ಯ ಕಾವಲುಗಾರ್ತಿ ಎರಡು ಸುತ್ತು ಬಂದು ನೋಡಿದಳು. ಎಲ್ಲಾದರೂ ಬೆರಳಗಲವಾದರೂ ಉಳಿದಿದೆಯೇ? ಇಲ್ಲ. ಬೂದುಬಿಳುಪಿನ ನುಣುಪು ಮೈಮೇಲೆ ಕಪ್ಪಂಚಿನ ಕೆಂಪು ಗಾಯ—ಪೂರ್ತಿ ಉಂಗುರ. ಹೀಗೇ ಬಿಟ್ಟರೆ ಬೇರಿಗೆ ಆಹಾರ ಇಳಿಯದೆ ಮರ ನಿಂತಲ್ಲೇ ಸಾಯುತ್ತದೆ.

“ನಿನ್ನೆ ಸಂಜೆ ಚೆನ್ನಾಗೇ ಇತ್ತು ಮೇಡಂ,” ಎಂದ ಚಹಾ ಅಂಗಡಿಯವನು. ದೂರು ಕೊಟ್ಟವನು ಅವನೇ. ಅವನ ಅಂಗಡಿ ಮರಕ್ಕೆ ಹತ್ತು ಹೆಜ್ಜೆ; ಬೇರು ನುಗ್ಗಿ ಅದರ ಗೋಡೆ ಬಿರಿದಿತ್ತು. “ಬೆಳಿಗ್ಗೆ ಬಾಗಿಲು ತೆಗೀವಾಗ ಒಬ್ಬರು ಇಲ್ಲಿಂದ ಚೀಲ ಹಿಡ್ಕೊಂಡು ಹೋದ್ರು. ಹೇಳೋಕೆ ನಾಲಿಗೆ ಬರ್ತಿಲ್ಲ...”

“ಯಾರು?”

“ನಿಮ್ಮ ತಾಯಿ.”

ಅಮ್ಮ ಮೂವತ್ತು ವರ್ಷದಿಂದ ಹೃದಯ ಸೋತು ಏದುಸಿರು ಬಿಡುವವರಿಗೆ ಇದೇ ತೊಗಟೆಯ ಕಷಾಯ ಕೊಡುತ್ತಿದ್ದಳು. ಆದರೆ ಮಗಳು ಸಮವಸ್ತ್ರ ತೊಟ್ಟ ದಿನ, ಸರ್ಕಾರದ ಮರ ಮುಟ್ಟೋದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ?

ಅವಳು ನೇರ ಮನೆಗೆ ಹೋಗಲಿಲ್ಲ. ಮೊದಲು ದೋಣಿ ಬಡಗಿಯ ಬಳಿಗೆ ಹೋದಳು.

“ಈ ಮರದ ಮೇಲೆ ನಿಮಗೆ ಕಣ್ಣಿತ್ತಲ್ವಾ ಮಾವ?”

“ಇತ್ತು. ಮುಚ್ಚಿಡೋದೇನು?” ಬಡಗಿ ಉಳಿ ಕೆಳಗಿಟ್ಟ. “ನೀರಲ್ಲಿದ್ರೂ ಬಾಳಿಕೆ ಬರೋ ಮರ. ಆದ್ರೆ ನಿಂತಲ್ಲೇ ಒಣಗಿದ್ರೆ ಬಿರುಕು ಬಿಡತ್ತೆ. ಬಿರುಕಿನ ಹಲಗೇಲಿ ದೋಣಿ ಮಾಡಿ ಜನರನ್ನ ಮುಳುಗಿಸ್ಲಾ?”

ಪಕ್ಕದಲ್ಲೇ ಕೂತು ಬಲೆ ಹೆಣೆಯುತ್ತಿದ್ದ ಮುದುಕ, ಕೇಳುವ ಮೊದಲೇ ಕೈಯಾಡಿಸಿದ. “ನನ್ನ ಕಡೆ ನೋಡ್ಬೇಡ ತಾಯಿ. ಬಲೆಗೆ ಬಣ್ಣ ಕಟ್ಟೋಕೆ ನನಗೆ ಉದುರಿದ ಚಕ್ಕೇನೇ ಸಾಕು.”

ಉಳಿದದ್ದು ಒಂದೇ ಮನೆ. ಅಮ್ಮ ಅಡುಗೆಮನೆಯಲ್ಲಿ ಕಷಾಯಕ್ಕೆ ನೀರು ಕುದಿಸುತ್ತಿದ್ದಳು.

“ಬೆಳಿಗ್ಗೆ ಮರದ ಹತ್ರ ಹೋಗಿದ್ಯಾ?”

“ಕೇಳ್ತಿರೋದು ಯಾರು? ಮಗಳಾ, ಕಾವಲುಗಾರ್ತೀನಾ?”

“ಇಬ್ಬರೂ.”

ಅಮ್ಮ ಚೀಲ ಕೊಡವಿದಳು. ಅಂಗೈಯಗಲದ ಒಂದೇ ಒಂದು ತುಂಡು, ಜೊತೆಗೊಂದು ಹಿತ್ತಾಳೆ ಚೂರಿ. “ಬಡಗಿ ಹೆಂಡ್ತಿಗೆ ನಾಲ್ಕು ಮೆಟ್ಲು ಹತ್ತೋಕಾಗ್ತಿಲ್ಲ. ಮಾತು ಮುರಿದೆ. ಆದ್ರೆ ನಾನು ಬರೋವಾಗ ಮರಕ್ಕೆ ಬೇರೇನೂ ಆಗಿರ್ಲಿಲ್ಲ.”

ನಂಬಬೇಕೇ? ಮಗಳಾಗಿ ನಂಬಿದ್ದನ್ನು ವರದಿಯಲ್ಲಿ ಬರೆಯಲಾಗುತ್ತದೆಯೇ? ಅವಳು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊಯ್ದ ಅಂಚು ನಸುಗೆಂಪು. ಮರದ ಗಾಯದ ಅಂಚು—?

“ಅಮ್ಮ, ಹಿತ್ತಾಳೆ ಚೂರಿ ಯಾಕೆ?”

“ಕಬ್ಬಿಣ ತಾಗಿದ್ರೆ ಈ ತೊಗಟೆ ಕಪ್ಪಾಗತ್ತೆ ಕಣೇ. ಕೈಗೂ ಕರೆ ಹಿಡಿಯತ್ತೆ. ಚಿಕ್ಕೋಳಿದ್ದಾಗ ಕುಡುಗೋಲು ತಂದು ಕೆರೆದು, ಅತ್ತು ರಂಪ ಮಾಡಿದ್ದೆಯಲ್ಲ? ನಿಂಬೆಹಣ್ಣಲ್ಲಿ ಉಜ್ಜಿ ತೆಗೆದೆ.”

ಅವಳು ಚಪ್ಪಲಿ ಮೆಟ್ಟಿದ್ದೇ ಓಡಿದಳು. ದೋಣಿಗೆ ಕಾಯುತ್ತಿದ್ದವರು ಚಹಾ ಅಂಗಡಿಯ ಮುಂದೆ ಗುಂಪುಗೂಡಿದ್ದರು.

“ನಿಮ್ಮ ಬೆರಳು ಯಾಕೆ ಕಪ್ಪಗಿದೆ?”

“ಒಲೆ ಮಸಿ ಮೇಡಂ,” ಅಂಗಡಿಯವನು ನಕ್ಕ.

“ಸೋಪು ಹಾಕಿ ತೊಳೀರಿ.”

ತೊಳೆದ. ಹೋಗಲಿಲ್ಲ. ಅವಳು ಅವನ ಬುಟ್ಟಿಯಿಂದಲೇ ಒಂದು ನಿಂಬೆಹಣ್ಣು ತೆಗೆದು, ಎರಡು ಹೋಳು ಮಾಡಿ ಕೊಟ್ಟಳು. “ಈಗ ಇದರಲ್ಲಿ ಉಜ್ಜಿ.”

ಬೆರಳು ಬೆಳ್ಳಗಾಗುತ್ತ ಬಂತು. ಅವನ ನಗು ಎಲ್ಲೋ ಹೋಯಿತು.

“ಮಸಿ ಆಗಿದ್ರೆ ಸೋಪಿಗೆ ಹೋಗ್ತಿತ್ತು,” ಎಂದಳು ಅವಳು. “ಇದು ಕಬ್ಬಿಣ ಮತ್ತೆ ಹಸಿ ತೊಗಟೆ ಕೂಡಿದ ಕರೆ. ಮರದ ಗಾಯದ ಅಂಚಲ್ಲೂ ಇದೇ ಕಪ್ಪಿದೆ. ಎಲ್ಲರೂ ನೋಡಿದ್ವಿ, ಯಾರೂ ಗಮನಿಸ್ಲಿಲ್ಲ. ತೊಗಟೆ ಬೇಕಾದವರು ಅದಕ್ಕೆ ಕಬ್ಬಿಣ ಮುಟ್ಟಿಸಲ್ಲ. ಮರ ಬೇಕಾದವರು ಅದನ್ನ ನಿಂತಲ್ಲೇ ಒಣಗಿಸಲ್ಲ. ಇದನ್ನ ಮಾಡಿದೋರಿಗೆ ಎರಡೂ ಬೇಡ, ಮರ ತೊಲಗಿದ್ರೆ ಸಾಕು. ಬೇರು ಒಡೆದಿರೋ ಗೋಡೆ ಯಾರದು? ನಮ್ಮಮ್ಮ ಆ ಕಡೆ ಹೋಗೋದನ್ನೇ ಕಾದು, ಸೌದೆ ಸೀಳೋ ಮಚ್ಚು ತಗೊಂಡು ಬಂದಿದ್ದು ನೀವೇ.”

ಅವನು ತಲೆ ತಗ್ಗಿಸಿದ. “ಮೂರು ಸಲ ಅರ್ಜಿ ಕೊಟ್ಟೆ. ಒಣಗಿದ ಮರ ಆದ್ರೆ ಮಾತ್ರ ಕಡೀಬಹುದು ಅಂತ ನೀವೇ ಹೇಳಿದ್ರಲ್ಲ ಮೇಡಂ?”

ಹೌದು, ಹೇಳಿದ್ದಳು. ಆ ಮಾತು ಅವಳಿಗೆ ಚುಚ್ಚಿತು. ಆದರೂ ಹಾಳೆ ತೆಗೆದು ಅವನ ಹೇಳಿಕೆ ಬರೆದುಕೊಂಡಳು.

ಅಷ್ಟರಲ್ಲಿ ಅಮ್ಮ ಮರದ ಬುಡದಲ್ಲಿದ್ದಳು. ಅದೇ ಮರದ ಎಳೆ ಚಿಗುರುಕಡ್ಡಿಗಳನ್ನು ಬಡಗಿ ಹೆರೆದು ಕೊಡುತ್ತಿದ್ದ. ಅಮ್ಮ ಅವುಗಳ ಒಂದು ತುದಿಯನ್ನು ಗಾಯದ ಮೇಲಿನ ತೊಗಟೆಯೊಳಗೆ, ಇನ್ನೊಂದನ್ನು ಕೆಳಗಿನದರೊಳಗೆ ಸಿಕ್ಕಿಸಿ, ಒದ್ದೆ ಬಟ್ಟೆ ಸುತ್ತುತ್ತಿದ್ದಳು.

“ಬದುಕತ್ತಾ?”

“ನಾಲ್ಕು ಕಡ್ಡಿ ಕಚ್ಚಿಕೊಂಡ್ರೂ ಸಾಕು, ಅದರ ಮೂಲಕ ಬೇರಿಗೆ ಆಹಾರ ಇಳಿಯತ್ತೆ.” ಅಮ್ಮ ತಿರುಗಿ ನೋಡಲಿಲ್ಲ. “ನನ್ನ ಅಂಗೈಯಗಲದ್ದು ಏನು ಮಾಡ್ತೀಯ?”

ಮಗಳು ಇನ್ನೊಂದು ಹಾಳೆ ತೆಗೆದಳು. “ಅದನ್ನೂ ಬರೀಬೇಕಮ್ಮ.”

“ಬರಿ ಮತ್ತೆ,” ಎಂದಳು ಅಮ್ಮ, ಗಂಟು ಬಿಗಿಯುತ್ತ. “ವಯಸ್ಸು ಮಾತ್ರ ಎರಡು ವರ್ಷ ಕಮ್ಮಿ ಹಾಕು.”