ಹನ್ನೊಂದು ಗಡಿಯಾರಗಳ ಮನೆ

ಬಾಗಿಲು ಮುರಿದು ಕೋಣೆಯೊಳಗೆ ನುಗ್ಗಿದವನ ಹಣೆಗೆ ಲಾವಣ್ಯಾ ಬೀಸಿ ಹೊಡೆದಳು. ಅವಳ ಕೈಯಲ್ಲಿದ್ದದ್ದು ಹಳೆಯ ಗಡಿಯಾರದ ಲೋಲಕದಿಂದ ಬಿಚ್ಚಿಟ್ಟಿದ್ದ ಹಿತ್ತಾಳೆಯ ಗುಂಡು.

ಅವನು ಗೋಡೆಗೊರಗಿ ಕುಸಿದ. ಹಣೆಯ ರಕ್ತ ಕಣ್ಣಿಗಿಳಿಯಿತು.

"ಮೇಡಂ... ನಾನು ಮೇಲಿನ ಫ್ಲೋರ್‌ನ ಸೃಜನ್. ಎಷ್ಟು ಕರೆದರೂ ನೀವು ಮಾತಾಡಲಿಲ್ಲ. ಅದಕ್ಕೇ ಬಾಗಿಲು ಒಡೆದೆ."

"ಅವನು?"

"ಗಾರ್ಡ್‌ಗಳು ಹಿಡ್ಕೊಂಡಿದ್ದಾರೆ."

ಅವನೆಂದರೆ ಧನುಷ್. ಡೈವೋರ್ಸ್ ಆಗಿ ವರ್ಷವಾದರೂ ಅವಳನ್ನು ಬಿಟ್ಟಿರಲಿಲ್ಲ. ಅಂದು ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿದ್ದ ಅವಳ ಫ್ಲ್ಯಾಟಿಗೆ ಕಬ್ಬಿಣದ ರಾಡ್ ಹಿಡಿದು ಬಂದಿದ್ದ. "ನನಗಿಂತ ಈ ಡಬ್ಬಗಳೇ ಹೆಚ್ಚಾ ನಿನಗೆ?" ಎನ್ನುತ್ತಾ, ಅವಳು ಹುಡುಕಿ ತಂದು, ಎಣ್ಣೆ ಹಾಕಿ, ಕೀಲಿ ಕೊಟ್ಟು ನಡೆಸುತ್ತಿದ್ದ ಹನ್ನೊಂದು ಗಡಿಯಾರಗಳನ್ನು ಒಂದೊಂದಾಗಿ ಚಚ್ಚಿದ್ದ. ಲಾವಣ್ಯಾ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಪ್ರತಿ ಏಟನ್ನೂ ಕೇಳಿದ್ದಳು.

ಸೃಜನ್‌ನ ಹಣೆಗೆ ಏಳು ಹೊಲಿಗೆ ಬಿದ್ದವು.

ಸೈನ್ಯ ಬಿಟ್ಟು ಬಂದಿದ್ದ ಆ ಕೊಡಗಿನವನು ಮುಂದೆ ಪ್ರತಿ ಭಾನುವಾರವೂ ಬಂದ. ಒಡೆದ ಗಾಜು ಆರಿಸಿದ. ಮುರಿದ ಹಲ್ಲಿನ ಚಕ್ರಗಳನ್ನು ಬೇರೆಯಿಟ್ಟ. ಒಮ್ಮೆ ಸುತ್ತಿದ್ದ ಸ್ಪ್ರಿಂಗ್ ತಟ್ಟನೆ ಬಿಚ್ಚಿಕೊಂಡು ಅವನ ಅಂಗೈ ಸೀಳಿದಾಗ ಲಾವಣ್ಯಾಳೇ ಪಟ್ಟಿ ಕಟ್ಟಿದಳು. ಆ ಕೈಯನ್ನು ಬಿಡಲು ಮನಸ್ಸಾಗಲಿಲ್ಲ...

ಮೂರು ಗಡಿಯಾರ ನಡೆಯತೊಡಗಿದವು. ಅಷ್ಟರಲ್ಲಿ ಧನುಷ್‌ಗೆ ಜಾಮೀನು ಸಿಕ್ಕಿತು.

ಮರುವಾರದಿಂದ ಸೃಜನ್ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ.

'ಹೆದರಿಬಿಟ್ಟನಾ? ನನ್ನ ಗೋಳು ಯಾರಿಗೆ ಬೇಕು!' ಲಾವಣ್ಯಾ ಮೈಸೂರಿಗೆ ವರ್ಗ ಕೇಳಿ ಅರ್ಜಿ ಬರೆದಳು.

ಅದನ್ನು ಹಿಡಿದು ಆಫೀಸಿಗೆ ಹೊರಟಾಗ ಗೇಟಿನ ಗಾರ್ಡ್ ಕೇಳಿದ, "ಮೇಡಂ, ಸೃಜನ್ ಸಾಹೇಬರ ಕೈ ಈಗ ಹೇಗಿದೆ? ಪಾರ್ಕಿಂಗ್‌ನಲ್ಲಿ ಆ ಧನುಷ್ ಬಹಳ ಹೊಡೆದುಬಿಟ್ಟ."

ಅವಳು ಮೆಟ್ಟಿಲು ಹತ್ತಿ ಓಡಿದಳು.

ಸೃಜನ್‌ನ ಬಲಗೈ ಪ್ಲಾಸ್ಟರಿನಲ್ಲಿತ್ತು. ತುಟಿ ಒಡೆದಿತ್ತು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಕೇಸ್ ವಾಪಸ್ ತಗೊಳ್ತಿದ್ರಿ. ನನ್ನನ್ನ ಉಳಿಸೋಕೆ."

ಅವನು ಹೇಳಿದ್ದು ನಿಜವಾಗಿತ್ತು.

"ಗಡಿಯಾರಕ್ಕೋಸ್ಕರ ಇಷ್ಟೆಲ್ಲ ಏಟು ತಿಂದ್ರಾ?"

"ಗಡಿಯಾರ ಅಂದ್ರೆ ನಂಗೇನೂ ಗೊತ್ತಿರಲಿಲ್ಲ, ಲಾವಣ್ಯಾ. ನೀವು ಅದನ್ನ ಬಿಚ್ಚಿ ವಿವರಿಸ್ತಾ ಕೂತಿರ್ತೀರಲ್ಲ... ಅದನ್ನ ನೋಡೋಕೆ ಬರ್ತಿದ್ದೆ."

ಲಾವಣ್ಯಾ ಅರ್ಜಿಯನ್ನು ಹರಿದು ಹಾಕಿದಳು. ಅವನ ಚಪ್ಪಲಿಯನ್ನು ಕಾಲ ಬಳಿ ಸರಿಸಿದಳು.

"ಏಳಿ. ಠಾಣೆಗೆ ಹೋಗೋಣ. ಇದಕ್ಕೂ ದೂರು ಕೊಡ್ತೀನಿ."

"ಅಲ್ಲಿ 'ಇವರು ನಿಮಗೆ ಏನಾಗಬೇಕು' ಅಂತ ಕೇಳ್ತಾರೆ. ಮೇಲಿನ ಮನೆಯವರು ಅನ್ನಿ, ಸಾಕು."

"ನಾನು ಸುಳ್ಳು ಹೇಳಲ್ಲ. ಮದುವೆ ಆಗೋ ಹುಡುಗ ಅಂತೀನಿ."

ಸೃಜನ್ ನಕ್ಕ. ಒಡೆದ ತುಟಿಯಿಂದ ಮತ್ತೆ ರಕ್ತ ಜಿನುಗಿತು.

"ನನ್ನನ್ನ ಕೇಳಲೇ ಇಲ್ಲ?"

ಅವಳು ಸೆರಗಿನ ತುದಿಯಿಂದ ಅವನ ತುಟಿ ಒರೆಸಿದಳು.

"ಈಗ ಕೇಳ್ತಿದ್ದೀನಿ."

"ಚಲೋ, ಹೋಗೋಣ," ಎಂದು ಅವನು ಎಡಗೈ ಚಾಚಿದ. "ಎಬ್ಬಿಸು ಮತ್ತೆ."