ಹೊದಿಕೆ ಕಂಡ ಕಣ್ಣು

ಅಂಕದ ಹಾಳೆಯಲ್ಲಿರುವುದು ಶುದ್ಧ ಸುಳ್ಳು ಎಂದು ಮೊದಲು ಹೇಳಿದವಳು ಹೊಟ್ಟೆನೋವಕ್ಕ.

ವೈದ್ಯಕೀಯ ಪರೀಕ್ಷೆಯಲ್ಲಿ ರೋಗಿಯಾಗಿ ಮಲಗುವುದು ಅವಳ ಕೆಲಸ. ದಿನಕ್ಕೆ ಮೂವತ್ತು ಸಲ ಹೊಟ್ಟೆನೋವು ಬರಿಸಿಕೊಳ್ಳುತ್ತಾಳೆ. ಊಟಕ್ಕೆ ಬಿಟ್ಟಾಗ ಎಲ್ಲರಿಗಿಂತ ಹೆಚ್ಚು ತಿನ್ನುತ್ತಾಳೆ. ಈ ಸಲದ ಪರೀಕ್ಷೆಯ ಮರುದಿನ ಹಾಳೆಗಳಿಗೆ ಸಹಿ ಹಾಕಲು ಬಂದವಳು ಒಂದರ ಮುಂದೆ ಪೆನ್ನು ಕೆಳಗಿಟ್ಟಳು.

“ಹೊಟ್ಟೆ ಒತ್ತುವಾಗ ರೋಗಿಯ ಮುಖ ನೋಡಲಿಲ್ಲ ಅಂತ ಬರೆದಿದಾರೆ. ಆ ಹುಡುಗಿ ನನ್ನ ಮುಖದಿಂದ ಕಣ್ಣು ಕೀಳಲೇ ಇಲ್ಲ, ಮೇಡಂ. ನನ್ನ ಹೆತ್ತಮ್ಮನೂ ಹಾಗೆ ನೋಡಿರ್ಲಿಲ್ಲ.”

ಮೇಡಂ ಪರೀಕ್ಷಾ ವಿಭಾಗದ ಅಧಿಕಾರಿ. ಪರೀಕ್ಷಕರಿಗೆ ಆನ್‌ಲೈನ್ ತರಬೇತಿ ಕೊಡಿಸಿ, ಪಾಸಾದವರ ಪ್ರಮಾಣಪತ್ರಕ್ಕೆ ಸಹಿ ಹಾಕುವವಳು. ಹುಡುಗಿಯ ಕಡತ ತೆಗೆದಳು. ನಾಲ್ಕನೇ ಯತ್ನ. ಇರುವುದೇ ನಾಲ್ಕು. ಈ ಹಾಳೆ ಹೀಗೇ ಉಳಿದರೆ ಅವಳು ಎಂದೂ ಡಾಕ್ಟರಾಗುವುದಿಲ್ಲ.

*

ಹಾಳೆ ಅದಲುಬದಲಾಯಿತೇ? ಇಲ್ಲ. ಸಂಖ್ಯೆ ಹುಡುಗಿಯದೇ, ಅಕ್ಷರ ದೊಡ್ಡ ಡಾಕ್ಟರದೇ. ಹೊಟ್ಟೆ ತಪಾಸಣೆಯ ಕೋಣೆಯಲ್ಲಿ ಪ್ರತಿ ಬಾರಿ ಪರೀಕ್ಷಕರಾಗಿ ಕೂರುವವರು ಅವರೇ.

ಹಗೆಯೇ? ಒಮ್ಮೆ ವಾರ್ಡಿನಲ್ಲಿ ಅವಳನ್ನು ಎಲ್ಲರೆದುರು ಬೈದಿದ್ದರಂತೆ. ಆದರೆ ಆ ಕೋಣೆಯಲ್ಲಿ ಇನ್ನೂ ಆರು ಮಂದಿ ಫೇಲಾಗಿದ್ದರು. ಅವರಲ್ಲಿ ಯಾರ ಪರಿಚಯವೂ ಡಾಕ್ಟರಿಗಿರಲಿಲ್ಲ.

ಮೇಡಂ ಹೊಟ್ಟೆನೋವಕ್ಕನನ್ನು ಮತ್ತೆ ಕೂರಿಸಿಕೊಂಡು ಒಬ್ಬೊಬ್ಬರನ್ನೇ ನೆನಪಿಸಿದಳು. ಫೇಲಾದ ಏಳು ಮಂದಿಯೂ ಮೂಗಬಸವರು. ತುಟಿ ಬಿಚ್ಚದೆ ಕೆಲಸ ಮಾಡಿದವರು.

“ಪಾಸಾದವರು?”

“ಬಾಯಿಬಡುಕರು. ಒಬ್ಬ ಮುಟ್ಟಲೇ ಇಲ್ಲ, ಮೇಡಂ. ‘ಈಗ ಒತ್ತುತ್ತಿದ್ದೇನೆ’ ಅಂದ, ಅಷ್ಟೆ. ಅವನಿಗೆ ಪೂರ್ತಿ ಅಂಕ.”

ಮೇಡಂಗೆ ಆಗ ಹೊಳೆಯಿತು. ದೊಡ್ಡ ಡಾಕ್ಟರು ನೋಡುತ್ತಿರಲಿಲ್ಲ. ಕೇಳುತ್ತಿದ್ದರು.

ಆದರೆ ತರಬೇತಿ? ಪರೀಕ್ಷಕರು ಮನೆಯಲ್ಲೇ ಕುಳಿತು ಐದು ವಿಡಿಯೊ ನೋಡಿ ಅಂಕ ಕೊಡಬೇಕು, ಕಂಡದ್ದನ್ನು ಬರೆಯಬೇಕು. ಎರಡು ವರ್ಷದಿಂದ ಅದರಲ್ಲಿ ಅವರೇ ಮೊದಲಿಗರು. ಮೇಡಂ ಅವರ ಉತ್ತರಗಳನ್ನು ತೆರೆದಳು. ಉಳಿದ ಡಾಕ್ಟರುಗಳೆಲ್ಲ ಯಕೃತ್ತು ಒತ್ತಿ ನೋಡಿದ, ಗುಲ್ಮ ಮರೆತ ಎಂದು ಬರೆದಿದ್ದರು. ಇಲ್ಲಿ ಬೇರೆಯೇ ಇತ್ತು. ಹೊದಿಕೆ ಮತ್ತೆ ಹೊದಿಸಲಿಲ್ಲ. ಮಂಚದ ಚಕ್ರಕ್ಕೆ ಲಾಕ್ ಹಾಕಿಲ್ಲ. ರೋಗಿ ಪಾದಕ್ಕೆ ಪಾದ ಉಜ್ಜುತ್ತಿದ್ದಾರೆ, ಚಳಿಯಾಗಿರಬೇಕು.

ಈ ಉತ್ತರಗಳನ್ನು ತಾನೇ ಎಷ್ಟು ಸಲ ಹೊಗಳಿದ್ದಳು! ಮಂಚದ ಚಕ್ರ ನೋಡುವ ಡಾಕ್ಟರನ್ನು ಮಾತ್ರ ಅವಳು ಈವರೆಗೆ ಕಂಡಿರಲಿಲ್ಲ.

*

ಮೇಡಂ ದೊಡ್ಡ ಡಾಕ್ಟರ ಮನೆಗೆ ಹೋದಾಗ ಬಾಗಿಲು ತೆರೆದವರು ಅವರ ಹೆಂಡತಿ. ಒಣಗಿದ ಬಟ್ಟೆ ಮಡಚುತ್ತಿದ್ದರು. ಅಂಚಿಗೆ ಅಂಚು ಕೂಡಿಸಿದ, ಆಸ್ಪತ್ರೆಯ ಮಡಿಕೆ.

“ಎಷ್ಟು ವರ್ಷ ನರ್ಸ್ ಆಗಿದ್ರಿ, ಅಮ್ಮಾ?”

ಕೈ ನಿಂತಿತು. “ಮೂವತ್ತೊಂದು.”

ಒಳಕೋಣೆಯಿಂದ ಡಾಕ್ಟರು ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ವಾರದ ಹಿಂದಷ್ಟೇ ಮೇಡಂ ಜೊತೆ ಕುಳಿತು ಕಾಫಿ ಕುಡಿದವರು. ಅವಳ ಮುಖಕ್ಕೇ ಮುಖಮಾಡಿ, “ಯಾರೇ ಬಂದಿರೋದು?” ಎಂದು ಹೆಂಡತಿಯನ್ನು ಕೇಳಿದರು.

ಆಕೆ ಮುಚ್ಚಿಡಲಿಲ್ಲ. ಕಣ್ಣು ಮಸುಕಾಗಿ ಎರಡು ವರ್ಷ. ಹಾಳೆ ಮೂಗಿಗೆ ಹಿಡಿದರೆ ಓದುತ್ತಾರೆ, ಮಂಚದ ಮೇಲಿನ ಮುಖ ಕಾಣುವುದಿಲ್ಲ. ಆಪರೇಷನ್ ಬಿಟ್ಟಾಯಿತು, ವಾರ್ಡ್ ಬಿಟ್ಟಾಯಿತು. ತರಬೇತಿ ಬಂದಾಗ ಅವರ ಹೆಸರಿನಲ್ಲಿ ತಾನೇ ಕುಳಿತೆ ಎಂದರು.

“ಪರೀಕ್ಷಕರ ಆ ಕುರ್ಚಿ ಒಂದೇ ಉಳಿದಿತ್ತು, ತಾಯಿ. ಅದನ್ನೂ ಕಿತ್ಕೊಂಡ್ರೆ ಇವರು ಬದುಕ್ತಾರಾ ಅನ್ನಿಸ್ತು.”

ಡಾಕ್ಟರು ಗೋಡೆ ಹಿಡಿದು ನಿಂತಿದ್ದರು. “ಕೇಳಿದ್ರೆ ಸಾಕು, ಗೊತ್ತಾಗುತ್ತೆ ಅಂದ್ಕೊಂಡಿದ್ದೆ,” ಎಂದರು.

*

ಸಮಿತಿ ಆ ಕೋಣೆಯ ಫಲಿತಾಂಶ ರದ್ದು ಮಾಡಿತು. ಹಳೆಯ ಪರೀಕ್ಷೆಗಳನ್ನು ಕೆದಕಲು ಅವಧಿ ಮೀರಿತ್ತು. ಹುಡುಗಿಗೆ ಇನ್ನೊಂದು ಅವಕಾಶ ಸಿಕ್ಕಿತು. ಪತ್ರವನ್ನು ಮೇಡಂ ತಾನೇ ಕೊಡಲು ಹೋದಳು. ಗುಟ್ಟು ಹೊರಬಿದ್ದ ಬಗೆಯನ್ನು ಹುಡುಗಿ ಕೊನೆಯವರೆಗೂ ಕೇಳಿಸಿಕೊಂಡಳು.

“ಆರಾರು ತಿಂಗಳಿಗೊಂದು ಪರೀಕ್ಷೆ. ನಾಲ್ಕು ಸಲವೂ ಹೊಟ್ಟೆ ಕೋಣೇಲೇ ಫೇಲು, ಮೇಡಂ. ನಾಲ್ಕು ಸಲವೂ ಅವರಿಗೆ ನಾನು ಕಾಣ್ತಿರ್ಲಿಲ್ವಾ?”

ಇಲ್ಲವೆಂದು ಮೇಡಂ ತಲೆಯಾಡಿಸಿದಳು. ನಾಲ್ಕಕ್ಕೂ ಡಾಕ್ಟರ ಪ್ರಮಾಣಪತ್ರದ ಕೆಳಗಿದ್ದದ್ದು ತನ್ನ ಸಹಿ ಎಂದೂ ಹೇಳಿದಳು.

ಹುಡುಗಿ ಪತ್ರ ಮಡಚಿ ಹಿಂದಕ್ಕೆ ಕೊಟ್ಟಳು. “ಮೊದಲನೇ ಸಲ ನನಗೆ ಎಲ್ಲಾ ಬರ್ತಿತ್ತು. ಈಗ ಯಾರನ್ನಾದ್ರೂ ಮುಟ್ಟೋಕೆ ಹೋದ್ರೆ ಕೈ ನಡುಗುತ್ತೆ. ಇಂಥ ಕೈ ಹೊಟ್ಟೆ ಮೇಲೆ ಇಟ್ರೆ ರೋಗಿ ಏನಂದ್ಕೊಳ್ತಾರೆ?”