ಬಂದರಿಗೆ ಹತ್ತು ಮಾರ್ಕ್ಸ್

"ನನ್ನ ಕಾಲಂ ಎಲ್ಲಿ?" ಚೋಟಿ ಕೇಳಿದಳು.

ಊಟದ ಮೇಜಿನ ತುಂಬ ಡ್ರಾಯಿಂಗ್ ಶೀಟು ಹರಡಿತ್ತು. ಅಪ್ಪ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ಎಡಗಡೆ ಏಳು ಯೂನಿವರ್ಸಿಟಿಗಳು. ಮೇಲ್ಗಡೆ ಅಪ್ಪ, ಅಮ್ಮ, ಅಜ್ಜಿ ಎಂದು ಮೂರು ಕಾಲಂ.

"ನಿನಗ್ಯಾಕೆ ಕಾಲಂ? ಇನ್ನೂ ಐದನೇ ಕ್ಲಾಸು ನೀನು."

"ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು!"

"ಲೇ, ನನ್ನ ಸುದ್ದಿಗೆ ಬರಬೇಡ," ಎಂದು ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಆದ್ರೂ ಅವಳು ಹೇಳೋದು ಸರಿ ಕಣೋ. ಅವಳಿಗೂ ಒಂದು ಗೆರೆ ಎಳಿ" ಎಂದರು.

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅಪ್ಪನ ಕೆಲಸ. ಒಂದೊಂದೇ ಪಂಪನ್ನು ಓಡಿಸಿ ನೋಡಿ ಮಾರ್ಕ್ಸ್ ಕೊಡುತ್ತಾರೆ. ಮನೆಯಲ್ಲೂ ಅದೇ ಅಭ್ಯಾಸ. ಹೊಸ ಫ್ಯಾನು ಯಾವುದು, ಕಿಟಕಿಯ ಪರದೆಗೆ ಯಾವ ಬಣ್ಣ, ಎಲ್ಲಕ್ಕೂ ಎಲ್ಲರೂ ಮಾರ್ಕ್ಸ್ ಹಾಕಬೇಕು.

ಈಗ ಅಕ್ಕ ಎಂಜಿನಿಯರಿಂಗ್ ಓದಬೇಕು. ಅವಳು ಏಳು ಯೂನಿವರ್ಸಿಟಿ ಆರಿಸಿಟ್ಟಿದ್ದಳು. "ನಾಲ್ಕಕ್ಕೆ ಮಾತ್ರ ಅರ್ಜಿ ಹಾಕು" ಎಂದಿದ್ದರು ಸ್ಕೂಲಿನ ಟೀಚರ್. ಅಕ್ಕನಿಗೆ ಕಾಲಂ ಇರಲಿಲ್ಲ. "ಪಂಪು ತನಗೆ ತಾನೇ ಮಾರ್ಕ್ಸ್ ಕೊಟ್ಕೊಳ್ಳುತ್ತಾ?" ಎಂದು ಅಪ್ಪ ನಕ್ಕಿದ್ದರು. ಅಕ್ಕನೂ ನಕ್ಕಿದ್ದಳು, ಸ್ವಲ್ಪ ತಡವಾಗಿ.

ಮೂರು ವಾರದಿಂದ ಮನೆಯಲ್ಲಿ ಇದೇ ಮಾತು. ಅಕ್ಕ ಕೆಮ್ಮಿದರೆ ಬಿಸಿನೀರು. ಅಕ್ಕ ಆಕಳಿಸಿದರೆ "ಸಾಕು ಮಲಗಮ್ಮ". ಮೊನ್ನೆ ಚೋಟಿ ಊಟಕ್ಕೆ ಕೂತಾಗ, "ಅಪ್ಪಾ, ನಾನು ರಿಲೇ ಟೀಮಿಗೆ ಸೆಲೆಕ್ಟ್ ಆದೆ" ಎಂದಳು.

"ಹೌದಾ?" ಎಂದರು ಅಪ್ಪ. "ಬೆಟ್ಟದ ಯೂನಿವರ್ಸಿಟೀಲಿ ರೋಬೋಟ್ ಲ್ಯಾಬ್ ಇದೆಯಂತೆ!"

ಚೋಟಿ ಅನ್ನವನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿಟ್ಟಳು. ಯಾರೂ ಅವಳ ತಟ್ಟೆಯ ಕಡೆ ನೋಡಲೂ ಇಲ್ಲ.

ಯೂನಿವರ್ಸಿಟಿಗಳ ಹೆಸರು ಉದ್ದುದ್ದ ಇದ್ದದ್ದರಿಂದ ಫೋಟೋ ನೋಡಿ ಅಡ್ಡಹೆಸರು ಇಟ್ಟಿದ್ದರು. ಗೋಪುರದ ಮೇಲೆ ಗಡಿಯಾರ ಇರುವುದು 'ಗಡಿಯಾರ'. ಅದು ಮನೆಯಿಂದ ಎರಡೇ ಸ್ಟಾಪ್. ಹಿಂದೆ ಹಡಗು ಕಾಣುವುದು 'ಬಂದರು'. ಅಲ್ಲಿಗೆ ರೈಲಿನಲ್ಲಿ ಎರಡು ದಿನ.

ಅಮ್ಮ ಗಡಿಯಾರಕ್ಕೆ ಹತ್ತು ಕೊಟ್ಟರು, ಬಂದರಿಗೆ ಎರಡು. ಅಪ್ಪ ವರ್ಕ್‌ಶಾಪಿನ ಯಂತ್ರಗಳನ್ನು ನೋಡಿ ಗಡಿಯಾರಕ್ಕೆ ಆರು, ಬಂದರಿಗೆ ಒಂಬತ್ತು ಕೊಟ್ಟರು. ಅಜ್ಜಿ ಏಳಕ್ಕೂ ಎಂಟೆಂಟು ಹಾಕಿದರು.

"ಯಾಕಜ್ಜಿ ಹೀಗೆ?"

"ಪಾಪ, ಯಾವುದಕ್ಕೂ ಬೇಜಾರಾಗಬಾರದು."

ಕೂಡಿದಾಗ ಗಡಿಯಾರಕ್ಕೆ ನಾಲ್ಕನೇ ಜಾಗ. ಬಂದರು ಐದನೆಯದು, ಅಂದರೆ ಅರ್ಜಿ ಹಾಕುವ ನಾಲ್ಕರ ಲಿಸ್ಟಿನಲ್ಲಿಲ್ಲ.

ಚೋಟಿ ಪೆನ್ಸಿಲ್ ಹಿಡಿದಳು. ಅವಳು ಯಂತ್ರ ನೋಡಲಿಲ್ಲ, ಲ್ಯಾಬ್ ನೋಡಲಿಲ್ಲ. 'ಹೋಗಲಿ. ಎಷ್ಟು ದೂರ ಆಗುತ್ತೋ ಅಷ್ಟು ದೂರ ಹೋಗಲಿ' ಎಂದುಕೊಂಡಳು. ಬಂದರಿಗೆ ಹತ್ತು ಹಾಕಿದಳು. ಉಳಿದ ಆರಕ್ಕೂ ಒಂದೊಂದು.

ಅಪ್ಪ ಎರಡೆರಡು ಸಲ ಕೂಡಿದರು. ಬಂದರಿಗೆ ಇಪ್ಪತ್ತೊಂಬತ್ತು, ಗಡಿಯಾರಕ್ಕೆ ಇಪ್ಪತ್ತೈದು. ಗಡಿಯಾರ ಲಿಸ್ಟಿನಿಂದಲೇ ಹೊರಗೆ!

"ಇದೇನೇ ಇದು!" ಎಂದರು ಅಮ್ಮ. ಅಕ್ಕ ಎದ್ದು ರೂಮಿಗೆ ಹೋದಳು.

ಬೈಸಿಕೊಳ್ಳಲು ತಯಾರಾಗಿಯೇ ಚೋಟಿ ಹಿಂದೆ ಹೋದಳು. ಬಾಗಿಲು ದಾಟುವಷ್ಟರಲ್ಲಿ ಅಕ್ಕ ಅವಳನ್ನು ಬಾಚಿ ತಬ್ಬಿಕೊಂಡಳು.

"ನಿನಗೆ ಹೇಗೆ ಗೊತ್ತಾಯ್ತೇ?"

"ಏನು?"

"ನನಗೆ ಬಂದರೇ ಇಷ್ಟ ಅಂತ. ಅಮ್ಮ ಅತ್ತುಬಿಡ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ. ಬಾ, ಇಲ್ಲಿ ನೋಡು."

ಅಕ್ಕ ಫೋನ್ ತೋರಿಸಿದಳು. ದೊಡ್ಡ ಶೆಡ್ಡಿನಲ್ಲಿ ಒಂದು ಪುಟ್ಟ ಸೇತುವೆ. ಅದರ ಮೇಲೆ ಕಬ್ಬಿಣದ ತೂಕಗಳನ್ನು ಒಂದೊಂದಾಗಿ ಇಡುತ್ತಿದ್ದರು. ಕೊನೆಗೆ ಅದು ಟಪ್ ಎಂದು ಮುರಿಯಿತು. ಸುತ್ತ ನಿಂತವರೆಲ್ಲ ಓಡಿ ಬಂದು, ಬಗ್ಗಿ, ಎಲ್ಲಿ ಮುರಿಯಿತು ಎಂದು ನೋಡತೊಡಗಿದರು.

"ಮುರಿದಿದ್ದಕ್ಕೆ ಬೈಯಲ್ವಾ?"

"ಮುರಿಯೋದೇ ಕ್ಲಾಸು! ಈ ವಿಡಿಯೋ ನಾನು ಮೂವತ್ತು ಸಲ ನೋಡಿದೀನಿ." ಅಕ್ಕನ ಕಣ್ಣು ಹೊಳೆಯುತ್ತಿತ್ತು. "ನೀನೊಬ್ಬಳೇ ಕಣೇ ನನ್ನ ಕಡೆ."

ಚೋಟಿಗೆ ಮೈಮೇಲೆ ಬೇರೆಯವರ ಬಟ್ಟೆ ಹಾಕಿಕೊಂಡ ಹಾಗೆ ಇರುಸುಮುರುಸಾಯಿತು. 'ನಾನು ಹತ್ತು ಕೊಟ್ಟಿದ್ದು ಅದಕ್ಕಲ್ಲ ಅಕ್ಕಾ' ಎಂದು ಹೇಳಬೇಕೆನಿಸಿತು. ಬದಲಿಗೆ, "ಇನ್ನೊಂದು ಸಲ ಹಾಕು" ಎಂದಳು.

ಮರುದಿನ ಬೆಳಿಗ್ಗೆ ಅಮ್ಮನೇ ಕೂರಿಸಿಕೊಂಡು ಅವಳ ತಲೆ ಬಾಚಿದರು. ಎಷ್ಟು ದಿನವಾಗಿತ್ತು! ಆಸ್ಪತ್ರೆಯ ಡ್ಯೂಟಿಗೆ ಹೊತ್ತಾದರೂ ಅಮ್ಮ ಅವಸರ ಮಾಡಲಿಲ್ಲ. ಬಾಚಣಿಗೆ ಮೆಲ್ಲಗೆ ಇಳಿಯಿತು. ಚೋಟಿ ಕಣ್ಣು ಮುಚ್ಚಿದಳು.

"ಚೋಟಿ ಮರಿ."

"ಹ್ಞೂಂ."

"ನೀನು ಪೆನ್ಸಿಲಲ್ಲೇ ಅಲ್ವಾ ಬರೆದಿರೋದು? ಆ ಹತ್ತನ್ನ ಐದು ಮಾಡ್ತೀಯಾ? ಗಡಿಯಾರ ಒಳಗೆ ಬರುತ್ತೆ. ಅಕ್ಕ ಮನೇಲೇ ಇರ್ತಾಳೆ."

ಅಮ್ಮನ ಕೈ ಅವಳ ತಲೆಯ ಮೇಲೆ ಹಾಗೇ ನಿಂತಿತ್ತು. ಬೆಚ್ಚಗಿತ್ತು. ಐದು ಎಂದು ಬರೆದರೆ ಇವತ್ತಿಡೀ ಅಮ್ಮ ತನ್ನವರೇ ಎಂದು ಚೋಟಿಗೆ ಗೊತ್ತಾಯಿತು.

ಅವಳು ಮೇಜಿನ ಹತ್ತಿರ ಹೋಗಿ ರಬ್ಬರ್ ತೆಗೆದುಕೊಂಡಳು. ಹತ್ತು ಅಳಿಸಿದಳು. ಖಾನೆಯಲ್ಲಿ ಬೂದು ಬಣ್ಣದ ಕಲೆ ಉಳಿಯಿತು.

ರೂಮಿನೊಳಗೆ ಅಕ್ಕ ಇನ್ನೂ ಮಲಗಿದ್ದಳು. ಬಾಗಿಲಿನಿಂದ ಅವಳ ಮಂಚ ಕಾಣುತ್ತಿತ್ತು, ಹೊದಿಕೆಯಿಂದ ಆಚೆ ಬಂದ ಒಂದು ಕಾಲು ಕಾಣುತ್ತಿತ್ತು. ಚೋಟಿ ಆ ಮಂಚವನ್ನು ಮನಸ್ಸಿನಲ್ಲೇ ಖಾಲಿ ಮಾಡಿ ನೋಡಿದಳು. ರೈಲಿನಲ್ಲಿ ಎರಡು ದಿನ. ನಿನ್ನೆ ಇದನ್ನು ಯೋಚಿಸಿಯೇ ಇರಲಿಲ್ಲ.

"ಬರೆದೆಯೇನೇ?" ಅಮ್ಮ ಮೆಲ್ಲಗೆ ಕೇಳಿದರು.

"ಇರಮ್ಮ, ಬರೀತಿದೀನಿ."

ಮೊದಲು ಒಂದು ಬರೆದಳು. ತುಂಬ ಹೊತ್ತು ಅದನ್ನೇ ನೋಡಿದಳು. ಆಮೇಲೆ, ಪೆನ್ಸಿಲ್ ಒತ್ತಿ ಹಿಡಿದು, ಪಕ್ಕದಲ್ಲಿ ಸೊನ್ನೆ ಸುತ್ತಿದಳು.